500 ಟನ್ನಿನ ಕಲ್ಲಿದ್ದಲು ಗೋಪುರವನ್ನು ಮೇಜಿನ ಮೇಲೆ ಕಟ್ಟಿದ್ದು

ಉಗಿ ಎಂಜಿನ್‌ಗಳ ಕಾಲದಲ್ಲಿ ಅವುಗಳಿಗೆ ಮೇಲಿನಿಂದ ಇಂಧನ ತುಂಬುತ್ತಿದ್ದ ಕಲ್ಲಿದ್ದಲು ಗೋಪುರದ ಇತಿಹಾಸವನ್ನು ನಾನು ಕಲಿತದ್ದು ಓದಿನಿಂದಲ್ಲ, 1:87 ಅಳತೆಯಲ್ಲಿ ಅದರ ಮಾದರಿಯೊಂದನ್ನು ಕಟ್ಟಲು ಹೋಗಿ ಎಡವಿದ್ದರಿಂದ. ಅಮೆರಿಕದ ಪಶ್ಚಿಮ ವರ್ಜೀನಿಯಾದ ಥರ್ಮಂಡ್‌ನಲ್ಲಿ, ನ್ಯೂ ರಿವರ್ ಕಣಿವೆಯ ಹಳಿಗಳ ಬಳಿ, ಚೆಸಪೀಕ್ ಅಂಡ್ ಒಹಾಯೊ ರೈಲ್ವೆಗಾಗಿ 1922ರಲ್ಲಿ ಕಟ್ಟಿದ 500 ಟನ್ ಸಾಮರ್ಥ್ಯದ ಕಾಂಕ್ರೀಟ್ ಗೋಪುರ ಇಂದಿಗೂ ನಿಂತಿದೆ. ಅದರ ತದ್ರೂಪವನ್ನೇ ಮಾಡುವ ಸಾಹಸಕ್ಕೆ ಕೈ ಹಾಕದೆ, ಅದರ ಸಾಮರ್ಥ್ಯವನ್ನಷ್ಟೇ ಎರವಲು ಪಡೆದು, ಹಳಿಗಳ ಮೇಲೆ ಕಾಲು ಚಾಚಿ ನಿಲ್ಲುವ ಸಾಮಾನ್ಯ ಬಗೆಯ ಗೋಪುರವೊಂದನ್ನು ಕಟ್ಟಲು ನಿರ್ಧರಿಸಿದೆ.

ಮೊದಲ ಕೆಲಸ ಕಲ್ಲಿದ್ದಲು ತುಂಬಿಡುವ ಕಣಜದ ಗಾತ್ರವನ್ನು ಲೆಕ್ಕ ಹಾಕುವುದು. ಅಮೆರಿಕದ ಟನ್ ಎಂದರೆ 907 ಕಿಲೋಗ್ರಾಂ. ಒಡೆದ ಕಲ್ಲಿದ್ದಲು ಒಂದು ಘನ ಮೀಟರಿಗೆ ಸುಮಾರು 830 ಕಿಲೋಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ, 500 ಟನ್‌ಗೆ ಸುಮಾರು 546 ಘನ ಮೀಟರ್ ಜಾಗ ಬೇಕು. ಅದನ್ನು 87ರ ಘನದಿಂದ ಭಾಗಿಸಿದಾಗ ಬಂದ ಉತ್ತರ ನೋಡಿ ನಗು ಬಂತು: 830 ಮಿಲಿಲೀಟರ್, ಅಂದರೆ ಒಂದು ಲೀಟರಿಗೂ ಕಡಿಮೆ. ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುರುಳಿ ಸುತ್ತಿ 92 ಮಿಲಿಮೀಟರ್ ಒಳವ್ಯಾಸದ, 125 ಮಿಲಿಮೀಟರ್ ಎತ್ತರದ ಕಣಜವನ್ನು ಅಂಟಿಸಿ, ಲೆಕ್ಕ ಸರಿಯಾಯಿತೆಂದು ನೆಮ್ಮದಿಯಾಗಿದ್ದೆ.

ಆದರೆ ಕಲ್ಲಿದ್ದಲು ನೀರಿನಂತೆ ಸಮತಲವಾಗಿ ನಿಲ್ಲುವ ವಸ್ತುವಲ್ಲ. ನಡುವಿನಿಂದ ಸುರಿದರೆ ಮೇಲೆ ರಾಶಿ ಗೋಪುರದಂತೆ ಏರಿ, ಅಂಚುಗಳಲ್ಲಿ ಖಾಲಿ ಉಳಿಯುತ್ತದೆ. ತಳ ಸಪಾಟಾಗಿದ್ದರೆ ಅದು ತಾನಾಗಿ ಹೊರಗೆ ಜಾರುವುದಿಲ್ಲವಾದ್ದರಿಂದ, ತಳವನ್ನು ಕನಿಷ್ಠ 45 ಡಿಗ್ರಿ ಇಳಿಜಾರಿನ ಆಲಿಕೆಯಾಗಿ ಮಾಡಬೇಕಾಗುತ್ತದೆ. ಈ ಎರಡು ಇಳಿಜಾರುಗಳು ನುಂಗುವ ಜಾಗವನ್ನು ಕೂಡಿಸಿದಾಗ ಸುಮಾರು 55 ಮಿಲಿಮೀಟರ್ ಎತ್ತರ ಕೊರತೆ ಬಿದ್ದಿತ್ತು. ಮೊದಲ ಕಣಜವನ್ನು ಕಿತ್ತು 180 ಮಿಲಿಮೀಟರಿನ ಇನ್ನೊಂದನ್ನು ಕಟ್ಟಿದ ಮೇಲೆಯೇ ಈ ಗೋಪುರಗಳು ಅಷ್ಟು ಎತ್ತರವೇಕೆ ಎಂಬುದು ನನಗೆ ತಿಳಿದದ್ದು. ಹಳಿಯ ಮೇಲೆ 4.9 ಮೀಟರ್ ಎತ್ತರದ ಎಂಜಿನ್ ನುಸುಳಬೇಕು, ಅದರ ಮೇಲೆ ಆಲಿಕೆ, ಅದರ ಮೇಲೆ ಕಣಜ, ಎಲ್ಲಕ್ಕೂ ಮೇಲೆ ತೊಟ್ಟಿ ಎತ್ತುವ ಯಂತ್ರದ ಮನೆ.

ಇಷ್ಟೆಲ್ಲ ಮೇಲೆತ್ತುವ ತೊಂದರೆಯನ್ನು ರೈಲ್ವೆಗಳು ಮೈಮೇಲೆ ಎಳೆದುಕೊಂಡದ್ದು ಕೂಲಿ ಮತ್ತು ಸಮಯದ ಉಳಿತಾಯಕ್ಕಾಗಿ. ಅದಕ್ಕೂ ಹಿಂದೆ ಎತ್ತರದ ಕಟ್ಟೆಯ ಮೇಲೆ ಆಳುಗಳು ಸಲಿಕೆಯಿಂದ ಚಿಕ್ಕ ಬಂಡಿಗಳಿಗೆ ತುಂಬಿ, ಅವನ್ನು ಎಂಜಿನ್ನಿನ ಹಿಂದೆ ಅದರ ಕಲ್ಲಿದ್ದಲನ್ನು ಹೊರುವ ಟೆಂಡರ್ ಎಂಬ ಬಂಡಿಗೆ ಮಗುಚುತ್ತಿದ್ದರು. ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆ ಈ ಹಳೆಯ ಕ್ರಮವನ್ನು ಕೊನೆಯವರೆಗೂ ಬಹುಮಟ್ಟಿಗೆ ಉಳಿಸಿಕೊಂಡಿತು. ಅದನ್ನು ಹಿಂದುಳಿದಿರುವಿಕೆ ಎಂದು ನಾನೂ ಭಾವಿಸಿದ್ದೆ. ನಿಜವಾದ ಕಾರಣ, ಅದು ಉರಿಸುತ್ತಿದ್ದ ವೇಲ್ಸ್‌ನ ಕಲ್ಲಿದ್ದಲು ಮೆದುವಾಗಿದ್ದು, ಎತ್ತರದಿಂದ ಬಿದ್ದರೆ ಪುಡಿಯಾಗಿಬಿಡುತ್ತಿತ್ತು ಎಂಬುದು. ಅಮೆರಿಕದಲ್ಲಿ ಮೊದಲು ಬಂದ ಮರದ ಕಣಜಗಳಿಗೆ ಬೆಂಕಿಯ ಭಯವಿತ್ತು, ಏಕೆಂದರೆ ರಾಶಿ ಬಿದ್ದ ಕಲ್ಲಿದ್ದಲು ಒಳಗೊಳಗೇ ಕಾವೇರಿ ತಾನೇ ಹೊತ್ತಿಕೊಳ್ಳಬಲ್ಲದು. ಕಾಂಕ್ರೀಟು ಬಂದದ್ದಕ್ಕೆ ಇದೂ ಒಂದು ಕಾರಣ.

ಮೇಲೆತ್ತುವ ಬಗೆಯಲ್ಲಿ ಎರಡು ದೇಶಗಳ ದಾರಿ ಬೇರೆಯಾದದ್ದು ವ್ಯಾಗನ್ನುಗಳಿಂದ. ಅಮೆರಿಕದ ಹಾಪರ್ ವ್ಯಾಗನ್ನು ದೊಡ್ಡದು, ಅದರ ತಳದ ಬಾಗಿಲು ತೆರೆದರೆ ಸರಕು ಹಳಿಯಡಿಯ ಗುಂಡಿಗೆ ತಾನೇ ಬೀಳುತ್ತದೆ, ಅಲ್ಲಿಂದ ತೊಟ್ಟಿ ಅದನ್ನು ಮೇಲಕ್ಕೊಯ್ಯುತ್ತದೆ. ಬ್ರಿಟನ್ನಿನ ನಾಲ್ಕು ಚಕ್ರದ ಚಿಕ್ಕ ವ್ಯಾಗನ್ನನ್ನಾದರೋ ಕೆಲವು ಗೋಪುರಗಳು ಇಡಿಯಾಗಿ ಎತ್ತಿ ತುದಿಯಲ್ಲಿ ಬೋರಲು ಹಾಕುತ್ತಿದ್ದವು. ಇಂಗ್ಲೆಂಡಿನ ಕಾರ್ನ್‌ಫರ್ತ್‌ನಲ್ಲಿ ಅಂಥದೊಂದು ಉಳಿದಿದೆ. ಅಲ್ಲಿಯ ಉಗಿ ಎಂಜಿನ್ನುಗಳ ಶೆಡ್ಡು 1968ರ ಆಗಸ್ಟಿನಲ್ಲಿ, ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಉಗಿ ನಿಂತ ತಿಂಗಳಲ್ಲೇ, ಮುಚ್ಚಿತು. ನಾನು ಮಾಡಿದ್ದು ತೊಟ್ಟಿಯದು. ಒಂದು ಏರುವಾಗ ಇನ್ನೊಂದು ಇಳಿದು ಅದರ ತೂಕವನ್ನು ಸರಿದೂಗಿಸುವ ಜೋಡಿ ತೊಟ್ಟಿಗಳನ್ನು ದಾರದಿಂದ ತೂಗಿಸಿದೆನಾದರೂ, ಅವು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಮಾಡಲು ಎರಡು ವಾರ ಹಿಡಿಯಿತು.

ಎಲ್ಲಕ್ಕಿಂತ ಕಾಡಿದ್ದು ಕಣಜದ ತಳದ ಬಾಯಿ. ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ, ಜರಡಿ ಹಿಡಿದು, ಕಣಜಕ್ಕೆ ಸುರಿದು ಬಾಗಿಲು ತೆಗೆದರೆ ಒಂದು ಕಣವೂ ಇಳಿಯಲಿಲ್ಲ. ಪುಡಿ ಆಲಿಕೆಯ ಕತ್ತಿನಲ್ಲಿ ಕಮಾನು ಕಟ್ಟಿಕೊಂಡು ನಿಂತಿತ್ತು. ಬಾಯಿಯನ್ನು ಅಗಲಿಸಿ, ಪುಡಿಯನ್ನು ಬಿಸಿಲಿನಲ್ಲಿ ಒಣಗಿಸಿ, ಧೂಳನ್ನು ಬೇರ್ಪಡಿಸಿದ ಮೇಲೆ ಇಳಿಯತೊಡಗಿತು. ಒದ್ದೆಯಾದ ಸಣ್ಣ ಕಲ್ಲಿದ್ದಲು ದೊಡ್ಡ ಗೋಪುರಗಳಲ್ಲಿಯೂ ಹೀಗೆಯೇ ಸಿಕ್ಕಿಹಾಕಿಕೊಳ್ಳುತ್ತಿತ್ತು ಎಂಬುದರಿಂದ ಸ್ವಲ್ಪ ಸಮಾಧಾನವಾಯಿತು.

ಕಣಜದ ಬಾಯಿಂದ ಟೆಂಡರಿಗೆ ಕಲ್ಲಿದ್ದಲನ್ನು ಜಾರಿಸುವ ಚ್ಯೂಟಿಗೆ ಪ್ರತಿಭಾರ ಕಟ್ಟಿದ್ದೇನೆ: ಎಂಜಿನ್ನಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಎಳೆದಾಗ ಕೆಳಗಿಳಿದು, ಬಿಟ್ಟಾಗ ತಾನೇ ಮೇಲೇಳಬೇಕು, ಇಲ್ಲವಾದರೆ ಮುಂದಿನ ರೈಲಿಗೆ ತಗಲುತ್ತದೆ. ಕೆಳಗೆ ನಿಲ್ಲಿಸಲು ಚೆಸಪೀಕ್ ಅಂಡ್ ಒಹಾಯೊ ರೈಲ್ವೆಯದೇ ಆದ ಆಲಿಗೆನಿ ಎಂಬ ಉಗಿ ಎಂಜಿನ್ನಿನ ಮಾದರಿಯನ್ನು ತಂದೆ. ಅದರ ಟೆಂಡರ್ ಹಿಡಿಯುತ್ತಿದ್ದದ್ದು 25 ಟನ್; ಅಂದರೆ ತುಂಬಿದ ಕಣಜ ಇಪ್ಪತ್ತು ಬಾರಿಗೆ ಬರಿದಾಗುತ್ತದೆ. 1950ರ ದಶಕದಲ್ಲಿ ಡೀಸೆಲ್ ಬಂದ ಮೇಲೆ ಈ ಲೆಕ್ಕ ಯಾರಿಗೂ ಬೇಕಾಗಲಿಲ್ಲ. ಹಾಗಾದರೂ ಎಷ್ಟೋ ಗೋಪುರಗಳು ಉಳಿದಿರುವುದು ಅಭಿಮಾನದಿಂದಲ್ಲ. ಓಡುತ್ತಿರುವ ಮಾರ್ಗದ ಮೇಲೆ ದಪ್ಪ ಕಾಂಕ್ರೀಟನ್ನು ಒಡೆಯುವುದು ರೈಲುಗಳನ್ನು ತಡೆಯುವ, ದುಬಾರಿ ಕೆಲಸ. ಆದ್ದರಿಂದ ಮಾದರಿಯಲ್ಲಿ ಚ್ಯೂಟುಗಳ ಕೆಳಗೆ ತುಕ್ಕಿನ ಗೆರೆಗಳನ್ನು ಎಳೆದು, ಆಲಿಗೆನಿಯನ್ನು ಪಕ್ಕದ ಹಳಿಗೆ ಸರಿಸಿ, ಗೋಪುರದ ಕಾಲುಗಳ ನಡುವೆ ಒಂದು ಡೀಸೆಲ್ ಎಂಜಿನ್ನನ್ನು ನಿಲ್ಲಿಸಿದ್ದೇನೆ.