ಮರೆವಿನ ಕಾಯಿಲೆ ಇದ್ದವರ ನೆಮ್ಮದಿ ಅಳೆಯುವುದು ಹೇಗೆ?

ಇವತ್ತು ಯಾವ ವಾರ? ಈ ಮೂರು ಪದ ಹೇಳಿ. 100ರಿಂದ ಏಳೇಳು ಕಳೆಯುತ್ತಾ ಬನ್ನಿ. ಡಿಮೆನ್ಶಿಯಾ ಇದ್ದವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವರಿಗೆ ಈ ಪರೀಕ್ಷೆ ಗೊತ್ತಿರುತ್ತದೆ. ಕೊನೆಗೆ 30ಕ್ಕೆ ಇಷ್ಟು ಅಂತ ಒಂದು ಅಂಕ ಬರುತ್ತದೆ. ಹೋದ ಸಲ 19 ಇದ್ದದ್ದು ಈಗ 16 ಅಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಅಂಕ ಹೇಳುವುದು ನೆನಪು, ಲೆಕ್ಕ, ಭಾಷೆಯ ಬಗ್ಗೆ ಮಾತ್ರ. 16 ಬಂದವರು ಹಾಯಾಗಿ ದಿನ ಕಳೆಯುತ್ತಿರಬಹುದು. 24 ಬಂದವರು ಒಳಗೊಳಗೇ ಕೊರಗುತ್ತಿರಬಹುದು. ನೆಮ್ಮದಿಯನ್ನು ಬೇರೆಯಾಗಿಯೇ ಅಳೆಯಬೇಕು. ಒಂದು ನೋಟ್‌ಬುಕ್, ಒಂದು ಗಡಿಯಾರ ಇದ್ದರೆ ಮನೆಯಲ್ಲೇ ಶುರು ಮಾಡಬಹುದು.

ಮೊದಲು ಅವರನ್ನೇ ಕೇಳಿ

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಅವರು ಎದುರಿಗೇ ಕೂತಿರುತ್ತಾರೆ, ನಾವು ಪಕ್ಕದವರನ್ನು ಕೇಳುತ್ತೇವೆ. ಕಾಯಿಲೆಯ ಆರಂಭದಲ್ಲಿ, ನಡುವಿನ ಹಂತದಲ್ಲೂ, ಬಹಳಷ್ಟು ಮಂದಿ ತಮಗೆ ಹೇಗನಿಸುತ್ತಿದೆ ಅಂತ ಹೇಳಬಲ್ಲರು.

ಸಂಶೋಧಕರು ಬಳಸುವ ಕ್ಯೂಓಎಲ್-ಎಡಿ ಎಂಬ ಪ್ರಶ್ನಾವಳಿ ನಿಂತಿರುವುದೇ ಈ ನಂಬಿಕೆಯ ಮೇಲೆ. ಅದರಲ್ಲಿ 13 ವಿಷಯಗಳಿವೆ: ಆರೋಗ್ಯ, ಮೈಯಲ್ಲಿನ ಚೈತನ್ಯ, ಮನಸ್ಸು, ನೆನಪು, ಮನೆಯವರು, ಸ್ನೇಹಿತರು, ಮನೆಗೆಲಸ, ದುಡ್ಡು, ಹೀಗೆ. ಪ್ರತಿಯೊಂದಕ್ಕೂ ‘ಚೆನ್ನಾಗಿಲ್ಲ’ದಿಂದ ‘ತುಂಬಾ ಚೆನ್ನಾಗಿದೆ’ವರೆಗೆ 1ರಿಂದ 4 ಅಂಕ. ಒಟ್ಟು 13ರಿಂದ 52. ಇದೇ ಪ್ರಶ್ನೆಗಳನ್ನು ನೋಡಿಕೊಳ್ಳುವವರಿಗೂ ಕೇಳುತ್ತಾರೆ. ಎರಡನ್ನೂ ಕೂಡಿಸುವಾಗ ಕಾಯಿಲೆ ಇದ್ದವರ ಉತ್ತರಕ್ಕೆ ಎರಡು ಪಟ್ಟು ತೂಕ. ಅದು ಸರಿಯಾದ ತೂಕ ಅಂತಲೇ ನನ್ನ ಅಭಿಪ್ರಾಯ.

ಕೇಳುವ ರೀತಿಯೂ ಮುಖ್ಯ. ಅವರ ತಲೆ ತಿಳಿಯಾಗಿರುವ ಹೊತ್ತು ನೋಡಿಕೊಳ್ಳಿ. ಕನ್ನಡಕ, ಕಿವಿಯ ಮೆಷಿನ್ ಹಾಕಿದ್ದಾರಾ ನೋಡಿ. ಟಿವಿ ಆರಿಸಿ. ‘ಹೋದ ವಾರ ಹೇಗಿತ್ತು’ ಅಂತ ಕೇಳಬೇಡಿ, ಅದು ಮತ್ತೆ ನೆನಪಿನ ಪರೀಕ್ಷೆಯೇ ಆಗುತ್ತದೆ. ‘ಈಗ ಹೇಗಿದ್ದೀರಿ’ ಅಂತ ಕೇಳಿ. ನಾಲ್ಕು ಉತ್ತರಗಳನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಮುಂದಿಡಿ, ಬೆರಳಿಟ್ಟು ತೋರಿಸಿದರೂ ಸಾಕು. ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಉತ್ತರ ಆ ಮೌನದಲ್ಲೇ ಬರುತ್ತದೆ.

ನಿಮ್ಮ ಅನಿಸಿಕೆ ಬೇರೆ ಪುಟದಲ್ಲಿ

ನೋಡಿಕೊಳ್ಳುವವರು ಸಾಮಾನ್ಯವಾಗಿ ಕಡಿಮೆ ಅಂಕ ಕೊಡುತ್ತಾರೆ. ತಾವೇ ದಣಿದಿದ್ದರೆ, ಬೇಸರದಲ್ಲಿದ್ದರೆ ಇನ್ನೂ ಕಡಿಮೆ. ಅದು ನಿಮ್ಮ ತಪ್ಪಲ್ಲ. ಎರಡೂ ಪುಟ ಇಟ್ಟುಕೊಳ್ಳಿ. ಎಲ್ಲಿ ಜಾಸ್ತಿ ಅಂತರ ಇದೆಯೋ ಅಲ್ಲಿ ಮಾತಾಡಬೇಕಾದ್ದು ಏನೋ ಇದೆ ಅಂತ ಅರ್ಥ.

ಮಾತು ಕಡಿಮೆಯಾದಾಗ ಕಣ್ಣಿಟ್ಟು ನೋಡಿ

ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕಿಟ್‌ವುಡ್ ಮತ್ತು ಅವರ ಜೊತೆಯವರು ಡಿಮೆನ್ಶಿಯಾ ಕೇರ್ ಮ್ಯಾಪಿಂಗ್ ಎಂಬ ವಿಧಾನ ರೂಪಿಸಿದರು. ತರಬೇತಿ ಪಡೆದವರು ಗಂಟೆಗಟ್ಟಲೆ ಕೂತು, ಪ್ರತಿ 5 ನಿಮಿಷಕ್ಕೊಮ್ಮೆ ಆ ವ್ಯಕ್ತಿ ಏನು ಮಾಡುತ್ತಿದ್ದಾರೆ, ಹೇಗಿದ್ದಾರೆ ಅಂತ ಬರೆದುಕೊಳ್ಳುತ್ತಾರೆ. ಹೇಗಿದ್ದಾರೆ ಅನ್ನುವುದಕ್ಕೆ +5ರಿಂದ -5ರವರೆಗೆ ಅಂಕ.

ಮನೆಯಲ್ಲಿ ಇದನ್ನು ಹಗುರ ಮಾಡಿಕೊಳ್ಳಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅರ್ಧರ್ಧ ಗಂಟೆ. 5 ನಿಮಿಷಕ್ಕೊಂದು ಸಾಲು. ಪ್ಲಸ್, ಮೈನಸ್ ಅಥವಾ ಸೊನ್ನೆ. ಪಕ್ಕದಲ್ಲಿ ಕಂಡದ್ದನ್ನು ಎರಡು ಪದದಲ್ಲಿ ಬರೆಯಿರಿ.

ಏನನ್ನು ಪ್ಲಸ್ ಅನ್ನಬೇಕು? ತಾವಾಗಿ ಮಾತು ಶುರು ಮಾಡುವುದು, ಹಾಡಿಗೆ ಬೆರಳು ತಾಳ ಹಾಕುವುದು, ಇನ್ನೊಬ್ಬರ ಕೈ ಹಿಡಿದುಕೊಳ್ಳುವುದು, ನಗಿಸಲು ನೋಡುವುದು. ‘ನಂಗೆ ಬೇಡ’ ಅಂತ ಗಟ್ಟಿಯಾಗಿ ಹೇಳುವುದೂ ಪ್ಲಸ್ಸೇ. ನಮಗದು ಹಟ ಅನಿಸುತ್ತದೆ. ಆದರೆ ತನಗೆ ಏನು ಬೇಕು, ಏನು ಬೇಡ ಎಂದು ಹೇಳುವ ಮನುಷ್ಯ ಒಳಗೆ ಗಟ್ಟಿಯಾಗಿದ್ದಾನೆ ಅಂತ ತಾನೇ ಅರ್ಥ?

ಮೈನಸ್ಸಿನಲ್ಲಿ ಕೂಗಾಟ, ಅಳು ಎಲ್ಲರಿಗೂ ಕಾಣುತ್ತದೆ. ಕಾಣದೇ ಹೋಗುವುದು ಮೌನ. ‘ಸುಮ್ನೆ ಕೂತಿದ್ದಾರೆ, ಏನೂ ತೊಂದರೆ ಇಲ್ಲ’ ಅನ್ನುತ್ತೇವಲ್ಲ, ಅಲ್ಲೇ ಇನ್ನೊಮ್ಮೆ ನೋಡಿ. ಕಣ್ಣು ಏನನ್ನಾದರೂ ನೋಡುತ್ತಿದೆಯಾ? ಭುಜ ಬಿಗಿಯಾಗಿದೆಯಾ?

ಅಂಕ ಕುಸಿದರೆ ಮೊದಲು ನೋವು ಹುಡುಕಿ

ನೋವು ಅಂತ ಹೇಳಲಾಗದವರು ಅದನ್ನು ಸಿಟ್ಟಿನಲ್ಲೋ ಅಲೆದಾಟದಲ್ಲೋ ತೋರಿಸುತ್ತಾರೆ. ಪೇನಾಡ್ ಎಂಬ ಅಳತೆಯಲ್ಲಿ ಐದನ್ನು ಗಮನಿಸುತ್ತಾರೆ: ಉಸಿರು, ನರಳುವ ಸದ್ದು, ಮುಖ, ಮೈಯ ಬಿಗಿತ, ಸಮಾಧಾನ ಮಾಡಿದರೆ ತಣ್ಣಗಾಗುತ್ತಾರಾ ಎಂಬುದು. ಒಂದೊಂದಕ್ಕೆ 0ಯಿಂದ 2, ಒಟ್ಟು 10. ಹಲ್ಲು, ಮಲಬದ್ಧತೆ, ಕೀಲು, ಇವನ್ನೆಲ್ಲ ಒಮ್ಮೆ ನೋಡಿಬಿಡಿ. ಖಿನ್ನತೆಯ ಅನುಮಾನ ಇದ್ದರೆ ಡಾಕ್ಟರ ಬಳಿ 19 ಅಂಶಗಳ ಕಾರ್ನೆಲ್ ಅಳತೆ ಇದೆ. ಒಂದೆರಡು ದಿನದಲ್ಲೇ ಮನುಷ್ಯ ಪೂರ್ತಿ ಬದಲಾದಂತೆ ಕಂಡರೆ ನೋಟ್‌ಬುಕ್ ಮುಚ್ಚಿ, ತಕ್ಷಣ ಡಾಕ್ಟರಿಗೆ ತೋರಿಸಿ. ಸೋಂಕೋ ಔಷಧಿಯೋ ಕಾರಣ ಇರಬಹುದು.

ಹೋಲಿಸುವುದು ಅವರೊಂದಿಗೇ

ಬೇರೆ ಯಾರ ಅಂಕದ ಜೊತೆಗೂ ಬೇಡ. ಹೋದ ತಿಂಗಳ ಅವರ ಪುಟದ ಜೊತೆ ಮಾತ್ರ. ಅದೇ ಹೊತ್ತು, ಆದಷ್ಟು ಅದೇ ಮನುಷ್ಯ ಬರೆದರೆ ಒಳ್ಳೆಯದು. ಎಲ್ಲಿ ಮೈನಸ್ ಇದೆಯೋ ಅಲ್ಲಿ ಒಂದನ್ನು ಮಾತ್ರ ಬದಲಿಸಿ, ಒಂದು ವಾರ ಬಿಟ್ಟು ಮತ್ತೆ ಅಳೆಯಿರಿ.

ನನ್ನ ಅಮ್ಮನ ಪುಟಗಳಲ್ಲಿ ಸಂಜೆ 4ರ ಸಾಲುಗಳೆಲ್ಲ ಮೈನಸ್. ಮೊದಲು ದೀಪ ಬೇಗ ಹಾಕಿದೆವು. ವ್ಯತ್ಯಾಸ ಆಗಲಿಲ್ಲ. ಮುಂದಿನ ವಾರ ಒಗೆದ ಬಟ್ಟೆಯ ರಾಶಿ ಎದುರಿಟ್ಟು, ಜೊತೆಗೆ ಕೂತು ಮಡಚತೊಡಗಿದೆವು. ಆ ವಾರದ ಪುಟದಲ್ಲಿ ‘ಪ್ಲಸ್, ಟವೆಲ್ ಮಡಚಿದರು, ನಾನು ಮಡಚಿದ್ದು ಸರಿಯಿಲ್ಲ ಅಂದರು’ ಅಂತ ಬರೆದಿದ್ದೇನೆ.