ಒಣಮೀನಿನ ಪಕ್ಕದಲ್ಲಿ ಹಾಲಿನ ಪುಡಿ

ಮಲ್ಪೆಯ ಕಡೆ ಹುಟ್ಟಿ ಬೆಳೆದವನಿಗೆ ಒಣಮೀನನ್ನು ಮಳೆಗಾಲದಲ್ಲಿ ಕಾಪಾಡುವ ಬಗೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ನನ್ನ ಹೆಮ್ಮೆ 2018ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಇಳಿಯಿತು. ಆಗ ನಾನು ಪರಿಹಾರ ಸಂಸ್ಥೆಯೊಂದರ ಗೋದಾಮನ್ನು ನೋಡಿಕೊಳ್ಳುತ್ತಿದ್ದೆ.

2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಲ್ಲಿ ಸೇನೆ ನಡೆಸಿದ ಕಾರ್ಯಾಚರಣೆಗೆ ಸಿಕ್ಕಿ ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನರು ಗಡಿ ದಾಟಿ ಬಂದಿದ್ದರು. ಭಾರತ ಸರ್ಕಾರವು ‘ಆಪರೇಷನ್ ಇನ್ಸಾನಿಯತ್’ ಹೆಸರಿನಲ್ಲಿ ಅದೇ ಸೆಪ್ಟೆಂಬರ್ 14ರಂದು ವಾಯುಪಡೆಯ ವಿಮಾನದಲ್ಲಿ ಅಕ್ಕಿ, ಬೇಳೆ, ಸಕ್ಕರೆ, ಉಪ್ಪು, ಎಣ್ಣೆ, ಸೊಳ್ಳೆಪರದೆಗಳ ಮೊದಲ ಕಂತನ್ನು ಚಿತ್ತಗಾಂಗ್‌ಗೆ ಕಳುಹಿಸಿತ್ತು. ಮರುವರ್ಷದ ಮೇ ತಿಂಗಳಿನಲ್ಲಿ ಬಂದ 373 ಟನ್ ಸಾಮಗ್ರಿಯಲ್ಲಿ 104 ಟನ್ ಹಾಲಿನ ಪುಡಿ, 102 ಟನ್ ಒಣಮೀನು, 61 ಟನ್ ಮಕ್ಕಳ ಆಹಾರ, ತಲಾ 50,000 ರೇನ್‌ಕೋಟು ಹಾಗೂ ಜೊತೆ ಗಮ್‌ಬೂಟುಗಳಿದ್ದವು. ಮಳೆ ಹತ್ತಿರವಾಗಿತ್ತು, ಪಟ್ಟಿಯನ್ನು ಬರೆದವರು ಕುಟುಪಲಾಂಗ್ ನಿರಾಶ್ರಿತರ ಶಿಬಿರದ ಬೋಳುಗುಡ್ಡಗಳ ಕೆಸರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದರು ಎಂದು ನನಗೆ ಅನಿಸಿತು. ಸಾಮಗ್ರಿಯನ್ನು ಬಾಂಗ್ಲಾದೇಶ ಸರ್ಕಾರಕ್ಕೆ ಒಪ್ಪಿಸಲಾಗಿತ್ತು. ಅದರಲ್ಲಿ ಒಂದು ಚಿಕ್ಕ ಪಾಲು ನಮ್ಮ ಗೋದಾಮಿಗೆ ಬಂತು.

ಒಣಮೀನು ಒಳ್ಳೆಯ ಆಯ್ಕೆಯಾಗಿತ್ತು. ಆ ಕರಾವಳಿಯಲ್ಲಿ ಅದನ್ನು ಶುಟ್ಕಿ ಎನ್ನುತ್ತಾರೆ; ಅಕ್ಕಿ, ಬೇಳೆಗಳನ್ನೇ ತಿಂಗಳುಗಟ್ಟಲೆ ಉಂಡವರಿಗೆ ಅದು ತಮ್ಮ ಮನೆಯ ರುಚಿ. ತೊಂದರೆ ಇದ್ದದ್ದು ಇಡುವುದರಲ್ಲಿ. ನಮ್ಮೂರಿನಲ್ಲಿ ಮೀನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯ ಕಾವಿಗೆ ಒಣಗಿಕೊಂಡೇ ಇರುತ್ತದೆ. ಇಲ್ಲಿ ಇದ್ದದ್ದು ತಗಡಿನ ಶೆಡ್ಡು. ಹಗಲಿಡೀ ಕಾದ ತಗಡು ರಾತ್ರಿ ತಣ್ಣಗಾದಾಗ ಒಳಗಿನ ತೇವವೆಲ್ಲ ಅದಕ್ಕೆ ಅಂಟಿ, ಬೆಳಗಿನ ಜಾವದಲ್ಲಿ ಮೂಟೆಗಳ ಮೇಲೆ ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಮಳೆ ಸೋರುತ್ತಿದೆ ಎಂದು ನಾನು ಎರಡು ದಿನ ಸೂರಿನಲ್ಲಿ ತೂತು ಹುಡುಕಿಸಿದೆ! ಕೊನೆಗೆ ಮೂಟೆಗಳನ್ನು ಮರದ ಪ್ಯಾಲೆಟ್‌ಗಳ ಮೇಲೇರಿಸಿ, ಗೋಡೆಯಿಂದ ಒಂದು ಮೊಳ ದೂರಕ್ಕೆ ಸರಿಸಿ, ಮೂಟೆಗೆ ತಾಗದಂತೆ ಮೇಲೊಂದು ತಾಡಪಾಲನ್ನು ಇಳಿಜಾರಾಗಿ ಕಟ್ಟಿಸಿದೆವು. ಬಿಸಿಲು ಕಂಡಾಗ ಮಾತ್ರ ಬಾಗಿಲು ತೆರೆದೆವು. ಮೊದಲು ಬಂದದ್ದು ಮೊದಲು ಹೋಗಬೇಕೆಂಬ ದಾಸ್ತಾನಿನ ನಿಯಮವನ್ನು ಬದಿಗಿಟ್ಟು, ಮೊದಲು ಮೆತ್ತಗಾಗುವಂತೆ ಕಂಡ ಮೂಟೆಯನ್ನೇ ಮೊದಲು ಕಳುಹಿಸಿದೆವು.

ನನ್ನ ದೊಡ್ಡ ತಪ್ಪು ಬೇರೆಯೇ ಇತ್ತು. ಜಾಗ ಸಾಲದೆ ಹಾಲಿನ ಪುಡಿಯನ್ನೂ ಅದೇ ಶೆಡ್ಡಿನಲ್ಲಿ, ನಡುವೆ ಒಂದು ತಾಡಪಾಲನ್ನು ಮಾತ್ರ ಇಳಿಬಿಟ್ಟು ಇರಿಸಿದ್ದೆ. ಇಳಿಸುವಾಗ ಹರಿದಿದ್ದ ಕೆಲವು ಚೀಲಗಳ ಪುಡಿಯಲ್ಲಿ ಹಮಾಲಿಗಳು ಚಹಾ ಮಾಡಿಕೊಂಡರು. ಒಂದು ಗುಟುಕು ಕುಡಿದು ಲೋಟಗಳನ್ನು ಕೆಳಗಿಟ್ಟರು. ಹಾಲಿನ ಪುಡಿ ಪಕ್ಕದ ವಾಸನೆಯನ್ನು ಎಳೆದುಕೊಳ್ಳುತ್ತದೆ ಎಂದು ಓದಿ ತಿಳಿದಿದ್ದವನು ಅದನ್ನು ಕಲಿತದ್ದು ಅವರ ಮುಖ ನೋಡಿ. ಒಡೆಯದ ಚೀಲಗಳಿಗೆ ಏನೂ ಆಗಿರಲಿಲ್ಲ. ಅವುಗಳನ್ನು ಅಂದೇ ಬೇರೆ ಕಟ್ಟಡಕ್ಕೆ ಸಾಗಿಸಿದೆವು.

ಹಾಲಿನ ಪುಡಿಯ ವಿಷಯದಲ್ಲಿ ಇನ್ನೊಂದು ಆತಂಕವಿತ್ತು. ಶಿಬಿರದ ಶುದ್ಧವಲ್ಲದ ನೀರಿನಲ್ಲಿ ಅದನ್ನು ಕದಡಿ ಎಳೆಗೂಸಿಗೆ ಕುಡಿಸಿದರೆ, ತಾಯಿಯ ಹಾಲು ತಪ್ಪಿ ಭೇದಿ ಹತ್ತುವುದು ಬೇಗ. ಆದ್ದರಿಂದ ಅದನ್ನು ಬಿಡಿಯಾಗಿ ಕೈಗೆ ಕೊಡದೆ, ಹಿಟ್ಟಿನೊಂದಿಗೆ ಬೇಯಿಸಿದ ಗಂಜಿಯಾಗಿ ಸ್ಥಳದಲ್ಲೇ ಬಡಿಸುವುದೇ ಸರಿಯೆಂಬುದು ನನ್ನ ಅಭಿಪ್ರಾಯ. ನಾವು ಹಾಗೆಯೇ ಮಾಡಿದೆವು. ಚೀಟಿ ಹಿಡಿದು ಸಾಲಿನಲ್ಲಿ ನಿಂತ ಕೆಲವು ತಾಯಂದಿರಿಗೆ ಇದು ಕೋಪ ತಂದಿತು, ಅವರ ಕೋಪವನ್ನು ತಪ್ಪೆನ್ನಲಾರೆ.

ಸೆಪ್ಟೆಂಬರ್‌ನಲ್ಲಿ ಭಾರತದ ಮೂರನೆಯ ಕಂತಾಗಿ 11 ಲಕ್ಷ ಲೀಟರ್ ಸೀಮೆಎಣ್ಣೆ ಮತ್ತು 20,000 ಸ್ಟವ್‌ಗಳು ಬಂದವು. ಸೌದೆಗಾಗಿ ಸುತ್ತಲಿನ ಕಾಡು ಬರಿದಾಗಿತ್ತು, ಉಳಿದ ಸೌದೆ ಒದ್ದೆಯಾಗಿತ್ತು, ಹಾಗಾಗಿ ಎಲ್ಲರೂ ಸಂತೋಷಪಟ್ಟರು. ಸಮನ್ವಯ ಸಭೆಯಲ್ಲಿ ಆ ಸುದ್ದಿ ಕೇಳಿದಾಗ ನಾನು ಎದ್ದುನಿಂತು ಕೇಳಿದ್ದು ಒಂದೇ ಪ್ರಶ್ನೆ: ಸೀಮೆಎಣ್ಣೆಯ ಪೀಪಾಯಿಗಳನ್ನು ಅಕ್ಕಿಯಿಂದ ಎಷ್ಟು ದೂರ ಇಡುತ್ತೀರಿ?