ದೂರದ ಸರ್ವರ್ ಉತ್ತರಿಸದಿದ್ದಾಗ ದೋಷ ಹುಡುಕುವುದು ಹೇಗೆ?

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಮಂಡಿಯಲ್ಲಿ ಜಾವಾ ಆರ್‌ಎಂಐ (ದೂರದ ಯಂತ್ರದ ಪ್ರೋಗ್ರಾಮನ್ನು ಜಾಲದ ಮೂಲಕ ಕರೆಯಲು ಜಾವಾ ಭಾಷೆಯಲ್ಲಿರುವ ಸೌಲಭ್ಯ) ಬಳಸುವ ಸರ್ವರ್ ಇದೆ, ಚಳ್ಳಕೆರೆಯ ಶಾಖೆಯಲ್ಲಿ ಶೇಂಗಾ ತೂಕವಾದ ಕೂಡಲೇ ಅಲ್ಲಿನ ಕಂಪ್ಯೂಟರ್ ವಿಪಿಎನ್ ಎಂಬ ಖಾಸಗಿ ಜಾಲಸಂಪರ್ಕದ ಮೂಲಕ ಆ ಸರ್ವರಿನ ಪ್ರೊಸೀಜರನ್ನು (ಒಂದು ಕೆಲಸ ಮಾಡುವ ಪ್ರೋಗ್ರಾಮ್ ತುಣುಕನ್ನು) ಕರೆದು ರೈತರ ಪಟ್ಟಿಯನ್ನು, ಅಂದರೆ ಮಾಲಿನ ಲೆಕ್ಕದ ಚೀಟಿಯನ್ನು, ದಾಖಲಿಸುತ್ತದೆ ಎಂದಿಟ್ಟುಕೊಳ್ಳೋಣ. ರಿಮೋಟ್ ಪ್ರೊಸೀಜರ್ ಕಾಲ್ ಎಂಬ ಈ ವಿಧಾನವನ್ನು 1984ರಲ್ಲಿ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ ತಮ್ಮ ಪ್ರಬಂಧದಲ್ಲಿ ವಿವರವಾಗಿ ನಿರೂಪಿಸಿದ್ದರು. ಕರೆಯುವ ಪ್ರೋಗ್ರಾಮಿಗೆ ನಡುವಿನ ಜಾಲ ಕಾಣಿಸದಿರುವುದು ಇದರ ಅನುಕೂಲ. ಕೆಟ್ಟಾಗ ತೊಡಕಾಗುವುದೂ ಅದೇ. ಹಾಗಾಗಿ ಪರದೆಯ ಮೇಲೆ ಎಕ್ಸೆಪ್ಷನ್ (ದೋಷದ ಸಂದೇಶ) ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಕರೆ ಎಲ್ಲಿಯವರೆಗೆ ತಲುಪಿತ್ತು?

ಮೊದಲು ಸಂದೇಶವನ್ನು ಪೂರ್ತಿ ಓದಿ. ಬಹುಮಂದಿ ಮೊದಲ ಸಾಲನ್ನಷ್ಟೇ ನೋಡಿ ಸರ್ವರನ್ನು ಮರುಚಾಲನೆ ಮಾಡಿಬಿಡುತ್ತಾರೆ. ಅದರಿಂದ ಸುಳಿವು ಅಳಿಸಿಹೋಗುವುದೇ ಹೆಚ್ಚು. ಒಂದರೊಳಗೊಂದು ಸುತ್ತಿಕೊಂಡ ಎಕ್ಸೆಪ್ಷನ್‌ಗಳಲ್ಲಿ ನಿಜವಾದ ಕಾರಣ ಸಾಮಾನ್ಯವಾಗಿ ಕೊನೆಯ 'ಕಾಸ್ಡ್ ಬೈ' ಸಾಲಿನಲ್ಲಿರುತ್ತದೆ.

'ಅನ್‌ನೋನ್ ಹೋಸ್ಟ್' ಎಂದಿದ್ದರೆ ಸರ್ವರಿನ ಹೆಸರಿಗೆ ವಿಳಾಸವೇ ಸಿಕ್ಕಿಲ್ಲ. ಎನ್‌ಎಸ್‌ಲುಕಪ್ ಆಜ್ಞೆಯಿಂದ ಹೆಸರನ್ನು ಪರೀಕ್ಷಿಸಿದರೆ ಸಾಕು.

'ಕನೆಕ್ಷನ್ ರಿಫ್ಯೂಸ್ಡ್' ಎಂದಿದ್ದರೆ ಗಾಬರಿ ಬೇಡ, ಇದು ಹೆಚ್ಚಿನ ಮಾಹಿತಿ ಕೊಡುವ ದೋಷ. ಆ ವಿಳಾಸದ ಯಂತ್ರ ಉತ್ತರಿಸಿದೆ, ಆದರೆ ಕರೆ ಹೋದ ಪೋರ್ಟಿನಲ್ಲಿ (ಯಂತ್ರದ ಸಂಖ್ಯೆಯುಳ್ಳ ಬಾಗಿಲಿನಲ್ಲಿ) ಯಾವ ಪ್ರೋಗ್ರಾಮೂ ಕಾಯುತ್ತಿಲ್ಲ ಎಂಬುದು ಅದರ ಸಾಮಾನ್ಯ ಅರ್ಥ. ಸರ್ವರಿನಲ್ಲಿ ನೆಟ್‌ಸ್ಟ್ಯಾಟ್ ಆಜ್ಞೆ ಓಡಿಸಿ, ಪ್ರೋಗ್ರಾಮ್ ಚಾಲನೆಯಲ್ಲಿದೆಯೇ, ಇದ್ದರೆ 127.0.0.1 ಎಂಬ ತನ್ನ ಒಳವಿಳಾಸಕ್ಕಷ್ಟೇ ಕಿವಿಗೊಟ್ಟಿದೆಯೇ ಎಂದು ನೋಡಿ. 'ಕನೆಕ್ಷನ್ ಟೈಮ್ಡ್ ಔಟ್' ಬಂದರೆ ಮಾತ್ರ ಕಷ್ಟ ಹೆಚ್ಚು, ಏಕೆಂದರೆ ಆಚೆಯಿಂದ ಯಾವ ಉತ್ತರವೂ ಬಂದಿರುವುದಿಲ್ಲ: ಫೈರ್‌ವಾಲ್ (ಜಾಲದ ಕಾವಲು ವ್ಯವಸ್ಥೆ) ಕರೆಯ ಪ್ಯಾಕೆಟ್ಟನ್ನು ಸದ್ದಿಲ್ಲದೆ ಎಸೆದಿರಬಹುದು, ವಿಪಿಎನ್ ಕಡಿದಿರಬಹುದು, ಇಲ್ಲವೇ ಯಂತ್ರವೇ ಆರಿರಬಹುದು. ಇಲ್ಲಿ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆಯ ಸಾಕ್ಷ್ಯವನ್ನು ಪೂರ್ತಿ ನಂಬಬಾರದು. ಪಿಂಗ್ ತಡೆದು ಪೋರ್ಟ್ ತೆರೆದಿಟ್ಟ ಜಾಲಗಳೂ ಇವೆ, ಅದಕ್ಕೆ ವ್ಯತಿರಿಕ್ತವಾದವೂ ಇವೆ. ಶಾಖೆಯ ಯಂತ್ರದಿಂದಲೇ ಟೆಲ್ನೆಟ್ ಆಜ್ಞೆಯಿಂದ ಆ ಪೋರ್ಟನ್ನೇ ನೇರವಾಗಿ ತಟ್ಟಿ ನೋಡುವುದು ಒಳ್ಳೆಯದು.

ಆರ್‌ಎಂಐನಲ್ಲಿ ಹಲವರನ್ನು ಸತಾಯಿಸುವ ಸಂಗತಿ ಬೇರೆಯೇ ಇದೆ. 1099ನೇ ಪೋರ್ಟಿನಲ್ಲಿರುವುದು ರಿಜಿಸ್ಟ್ರಿ (ಸೇವೆಗಳ ಹೆಸರಿನ ಸೂಚಿ) ಮಾತ್ರ. ಅದು ಸ್ಟಬ್ ಒಂದನ್ನು (ಸರ್ವರಿನ ಆಬ್ಜೆಕ್ಟಿನ ಪರವಾಗಿ ಶಾಖೆಯ ಯಂತ್ರದಲ್ಲಿ ನಿಲ್ಲುವ ಪ್ರತಿನಿಧಿಯನ್ನು) ಕೊಡುತ್ತದೆ, ನಿಜವಾದ ಕರೆ ಆ ಸ್ಟಬ್‌ನೊಳಗೆ ಬರೆದಿರುವ ವಿಳಾಸಕ್ಕೂ ಪೋರ್ಟಿಗೂ ಹೋಗುತ್ತದೆ. ನಾವೇ ಪೋರ್ಟ್ ಸಂಖ್ಯೆ ಸೂಚಿಸದಿದ್ದರೆ ವ್ಯವಸ್ಥೆ ತನಗೆ ಸಿಕ್ಕಿದ್ದನ್ನು ಆರಿಸಿಕೊಳ್ಳುತ್ತದೆ. ಫೈರ್‌ವಾಲಿನಲ್ಲಿ 1099 ಮಾತ್ರ ತೆರೆದಿದ್ದರೆ ರಿಜಿಸ್ಟ್ರಿಯಲ್ಲಿನ ಹುಡುಕಾಟ ಯಶಸ್ವಿಯಾಗಿ, ಮರುಕ್ಷಣದ ಕರೆ ಸೋಲುತ್ತದೆ. ಕರೆಂಟ್ ಹೋಗಿ ಬಂದು ಸರ್ವರ್ ಮತ್ತೆ ಎದ್ದಾಗ ಪೋರ್ಟ್ ಬದಲಾಗಿ, ಬೆಳಿಗ್ಗೆ ಪಡೆದ ಸ್ಟಬ್ ಮಧ್ಯಾಹ್ನಕ್ಕೆ ನಿರುಪಯೋಗಿಯಾಗಬಹುದು. ಇನ್ನು ಚಳ್ಳಕೆರೆಯ ಪರದೆಯಲ್ಲಿ '127.0.0.1ಕ್ಕೆ ಸಂಪರ್ಕ ನಿರಾಕರಣೆ' ಎಂದು ಕಂಡರೆ, ಸರ್ವರ್ ತನ್ನ ಒಳವಿಳಾಸವನ್ನೇ ಸ್ಟಬ್‌ನಲ್ಲಿ ಬರೆದು ಕಳುಹಿಸಿದೆ, ಶಾಖೆಯ ಯಂತ್ರ ತನ್ನನ್ನೇ ತಾನು ಕರೆದುಕೊಳ್ಳುತ್ತಿದೆ ಎಂದು ತಿಳಿಯಿರಿ. ಪೋರ್ಟನ್ನು ಸ್ಥಿರಗೊಳಿಸಿ, ಸರ್ವರಿನ 'ಜಾವಾ.ಆರ್‌ಎಂಐ.ಸರ್ವರ್.ಹೋಸ್ಟ್‌ನೇಮ್' ಎಂಬ ಗುಣಕ್ಕೆ (ಸೆಟ್ಟಿಂಗಿಗೆ) ಶಾಖೆಯಿಂದ ತಲುಪಬಲ್ಲ ವಿಳಾಸವನ್ನು ಕೊಟ್ಟು, ಸರ್ವರನ್ನು ಮತ್ತೆ ಚಾಲೂ ಮಾಡಿದರೆ ಈ ತೊಂದರೆಗಳಲ್ಲಿ ಹೆಚ್ಚಿನವು ನೀಗುತ್ತವೆ. ಹಳೆಯ ಸ್ಟಬ್ ಮಾತ್ರ ಆಗಲೂ 'ನೋ ಸಚ್ ಆಬ್ಜೆಕ್ಟ್' ಎನ್ನಬಹುದು; ರಿಜಿಸ್ಟ್ರಿಯಿಂದ ಹೊಸದನ್ನು ಪಡೆಯಬೇಕು.

ಸಂಪರ್ಕ ಸಿಕ್ಕಿಯೂ ಎಕ್ಸೆಪ್ಷನ್ ಬಂದರೆ ಜಾಲವನ್ನು ಬಿಟ್ಟು ಪ್ರೋಗ್ರಾಮಿನತ್ತ ತಿರುಗಿ. 'ನಾಟ್ ಬೌಂಡ್' ಎಂದರೆ ಆ ಹೆಸರು ರಿಜಿಸ್ಟ್ರಿಯಲ್ಲಿ ದಾಖಲಾಗಿಲ್ಲ. 'ಅನ್‌ಮಾರ್ಷಲ್' ಎಂಬ, ಬಂದ ದತ್ತಾಂಶವನ್ನು ಬಿಡಿಸಿ ಓದುವಾಗಿನ ದೋಷದೊಳಗೆ 'ಇನ್‌ವ್ಯಾಲಿಡ್ ಕ್ಲಾಸ್' ಅಡಗಿದ್ದರೆ ಎರಡು ಊರುಗಳಲ್ಲಿ ಬೇರೆ ಬೇರೆ ಆವೃತ್ತಿಯ ಜಾರ್ ಕಡತಗಳು (ಜಾವಾ ಪ್ರೋಗ್ರಾಮಿನ ಕಟ್ಟುಗಳು) ಇರುವುದೇ ಸಾಮಾನ್ಯ ಕಾರಣ. 'ಸರ್ವರ್ ಎಕ್ಸೆಪ್ಷನ್' ಬಂದರೆ ಅದರೊಳಗಿನ ಕಾರಣವನ್ನೂ ಸರ್ವರಿನ ಲಾಗನ್ನೂ ಓದಿ.

ಮರಳಿ ಕರೆಯುವ ವಿಚಾರದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಾದದ್ದು. ಸಂಪರ್ಕವೇ ನಿರಾಕರಣೆಯಾಗಿದ್ದರೆ ಕರೆ ಹೊರಟೇ ಇಲ್ಲ, ಮತ್ತೊಮ್ಮೆ ಪ್ರಯತ್ನಿಸಬಹುದು. ಉತ್ತರಕ್ಕೆ ಕಾಯುತ್ತಿರುವಾಗ ಸಂಪರ್ಕ ಕಡಿದಿದ್ದರೆ ಪಟ್ಟಿ ದಾಖಲಾಗಿರಲೂಬಹುದು, ಆಗದಿರಲೂಬಹುದು. ಗುಂಡಿಯನ್ನು ಮತ್ತೆ ಒತ್ತಿದರೆ ಒಬ್ಬರೇ ರೈತರ ಹೆಸರಿಗೆ ಎರಡು ಲೆಕ್ಕ ಬೀಳುವ ಅಪಾಯವಿದೆ. ಆದ್ದರಿಂದ ಪ್ರತಿ ಕರೆಗೂ ಶಾಖೆಯಲ್ಲೇ ವಿಶಿಷ್ಟ ಸಂಖ್ಯೆಯೊಂದನ್ನು ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಹಿಂದಿರುಗಿಸುವಂತೆ ಬರೆಯಿಸಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಾವಾದಲ್ಲಿ ಆರ್‌ಎಂಐ ಉತ್ತರಕ್ಕೆ ಕಾಯುವ ಅವಧಿ ಮೊದಲಿಗೆ ಸೊನ್ನೆಯಾಗಿರುತ್ತದೆ, ಅಂದರೆ ಕಾಯುವಿಕೆಗೆ ಮಿತಿಯೇ ಇರುವುದಿಲ್ಲ. ವಿಶಿಷ್ಟ ಸಂಖ್ಯೆಯ ವ್ಯವಸ್ಥೆಯಾದ ನಂತರವೇ 'ರೆಸ್ಪಾನ್ಸ್ ಟೈಮ್‌ಔಟ್' ಗುಣಕ್ಕೆ ಮಿಲಿಸೆಕೆಂಡುಗಳಲ್ಲಿ ಒಂದು ಮಿತಿಯನ್ನು ನಿಗದಿಪಡಿಸಿ.